ಗುಂಡ್ಲುಪೇಟೆಗೆ ರೈಲು ಬಂತು

ತವರಿಗೆ ಹೋಗುತ್ತೇನೆಂದು ಗಂಡನನ್ನು ಹೆದರಿಸುವ ಹೆಂಗಸು, ಹೋಗುವ ದಾರಿಯ ಕಷ್ಟವನ್ನು ಮಾತ್ರ ಅವನ ಮುಂದೆ ಹೇಳಿಕೊಳ್ಳಬಾರದು. ಹೆದರಿಕೆಯ ಅರ್ಧ ಬಲ ಅಲ್ಲೇ ಸೋರಿಹೋಗುತ್ತದೆ. ನನ್ನ ತವರು ಗುಂಡ್ಲುಪೇಟೆ, ಸೇರಿದ್ದು ಕೊಯಮತ್ತೂರಿನ ಹತ್ತಿರದ ಸೋಮನೂರು, ನಡುವೆ ದಿಂಬಂ ಘಟ್ಟ. ಅದರ ತಿರುವುಗಳಲ್ಲಿ ಬಸ್ಸು ಹೊರಳಿದಂತೆಲ್ಲ ನನ್ನ ಹೊಟ್ಟೆಯೂ ಹೊರಳುತ್ತದೆ. ಮೂಗಿಗೆ ನಿಂಬೆಹಣ್ಣು ಹಿಡಿದುಕೊಂಡೇ ತವರು ಸೇರುವವಳು ನಾನು. ಮದುವೆಯಾದ ಹೊಸದರಲ್ಲಿ ಇದನ್ನೆಲ್ಲ ಯಜಮಾನರಿಗೆ ಹೇಳಿಬಿಟ್ಟಿದ್ದೆ. ಈಗ ನಾನು "ನಾಳೆಯೇ ಹೊರಟೆ" ಎಂದರೆ ಅವರು ಸುಮ್ಮನೆ ಎದ್ದು ಹೋಗಿ ನಿಂಬೆಹಣ್ಣು ತಂದಿಡುತ್ತಾರೆ.

ಯಜಮಾನರ ಹೆಸರು ರಂಗರಾಜು. ತಲೆತಲಾಂತರದಿಂದ ಇಲ್ಲೇ ನೇಯ್ದುಕೊಂಡು ಬಂದ ಮನೆ, ಹಿತ್ತಲಲ್ಲಿ ಮಗ್ಗದ ಶೆಡ್ಡು. ಮನೆಮಾತು ಕನ್ನಡ, ಅದರ ರಾಗ ತಮಿಳು, ಕನ್ನಡದ ಅಕ್ಷರ ಮಾತ್ರ ಒಂದೂ ಬಾರದು. "ಕಲ್ಸಿಕೊಡು" ಎಂದು ಅವರು, "ನಾಳೆ" ಎಂದು ನಾನು, ಹೀಗೇ ಕಾಲ ಸಾಗಿದೆ. ಇಂಥವರಿಗೆ ಇದ್ದಕ್ಕಿದ್ದಂತೆ ಆಟದ ರೈಲಿನ ಹುಚ್ಚು ಹಿಡಿಯಿತು. ಕೊಯಮತ್ತೂರಿನಿಂದ ಅಂಗೈಯುದ್ದದ ಎಂಜಿನ್ನು, ಒಂದಷ್ಟು ಬೋಗಿ, ಕಟ್ಟುಗಟ್ಟಲೆ ಹಳಿ ತಂದರು. ಎಲ್ಲಿ ಹಾಸೋಣವೆಂದು ಮನೆಯೆಲ್ಲ ಸುತ್ತಿ, ನಾನು ಹಟ ಹಿಡಿದು ಮಾಡಿಸಿಕೊಂಡಿದ್ದ ಊಟದ ಮೇಜಿನ ಮೇಲೇ ಪ್ಲೈವುಡ್ ಹಲಗೆ ಹೊದಿಸಿದರು. ನಾವು ನೆಲಕ್ಕಿಳಿದೆವು. ದೀಪಾವಳಿಗೆ ಅಮ್ಮ ಬರುವವಳಿದ್ದಳು. ಮಂಡಿನೋವಿನ ಅವಳನ್ನು ನೆಲದಲ್ಲಿ ಕೂರಿಸಿ ಬಡಿಸುವುದು ಹೇಗೆ?

"ಅಮ್ಮ ಬರೋದ್ರೊಳಗೆ ನನ್ನ ಮೇಜು ಬಿಡಿಸ್ಕೊಡಿ. ಇಲ್ದಿದ್ರೆ ಅಮ್ಮನ ಜೊತೇಲೇ ಹೊರಟುಹೋಗ್ತೀನಿ" ಎಂದೆ.

"ಕೊಂಜ ಇರು. ಲೈನ್ ಹಾಕ್ತಾ ಇದ್ದೀನಿ" ಎಂದರು, ತಲೆಯೆತ್ತದೆ.

ಸುಳ್ಳೇಕೆ ಹೇಳಲಿ, ಆ ಲೈನು ಹಾಕುವುದನ್ನು ನೋಡುತ್ತ ನೋಡುತ್ತ ನನಗೇ ಬೆರಗಾಯಿತು. ಒಗೆದ ಟವೆಲ್ಲನ್ನು ನೆಟ್ಟಗೆ ಹರವಲು ಬಾರದ ಮನುಷ್ಯ ಹಲಗೆಗೆ ಕೆನ್ನೆಯೊತ್ತಿ, ಒಂದು ಕಣ್ಣು ಮುಚ್ಚಿ, ಹಳಿಯ ಸೊಟ್ಟ ಹುಡುಕುತ್ತಿದ್ದರು. ಹಳಿ ಹಳಿ ಕೂಡುವಲ್ಲಿ ಉಗುರಾಡಿಸುವರು, ತಡೆದರೆ ಅರದಿಂದ ಉಜ್ಜುವರು, ಮತ್ತೆ ಉಗುರಾಡಿಸುವರು. ಸೆಕೆಗೆ ಹಿಗ್ಗುತ್ತದೆಂದು ಅಲ್ಲಿ ಕೂದಲೆಳೆಯಷ್ಟು ಜಾಗ ಬೇರೆ ಬಿಡುವರು. ಹಳಿಯ ನಡುವಿನ ಜಲ್ಲಿಗೆಂದು ಮೊದಲು ಅಮ್ಮ ಕಳಿಸಿದ್ದ ರಾಗಿಯನ್ನೇ ಅಂಟು ಹಾಕಿ ಹರಡಿದ್ದರು. ಬೆಳಗಾಗುವಷ್ಟರಲ್ಲಿ ಇರುವೆಗಳು ಸಾಲುಗಟ್ಟಿ ಅರ್ಧ ರೈಲುದಾರಿಯನ್ನು ಹೊತ್ತುಕೊಂಡು ಹೋಗಿದ್ದವು. ಬೈಯಲು ಬಾಯಿ ತೆರೆದೆ. ಅವರೋ ಮಿಕ್ಕ ರಾಗಿಯನ್ನೆಲ್ಲ ಕೆರೆದು ತೆಗೆದು, ನನ್ನ ರವೆ ಜರಡಿಯಲ್ಲಿ ಕಲ್ಲುಪುಡಿ ಜರಡಿ ಹಿಡಿದು, ಮೊದಲಿನಿಂದ ಶುರುಮಾಡಿದರು. ಅಷ್ಟೊಂದು ತಾಳ್ಮೆಯ ಮೇಲೆ ಸಿಟ್ಟು ನಿಲ್ಲುವುದಿಲ್ಲ. ಜರಡಿ ಹೋಯಿತಲ್ಲ ಎಂದು ಗೊಣಗಿ ಸುಮ್ಮನಾದೆ.

ಆಮೇಲೆ ಗಂಜಿ ಹಾಕಿದ ಬಟ್ಟೆಯಲ್ಲಿ ಒಂದು ಬೆಟ್ಟ ಎದ್ದಿತು. ಅದರ ತಿರುವಿನಲ್ಲಿ ಎಂಜಿನ್ನು ಪ್ರತಿ ಸಲವೂ ಮಗುಚಿಕೊಂಡಿತು. ಹಾಕಿದ ಹಳಿಯನ್ನೆಲ್ಲ ಕಿತ್ತು, ಮೇಜಿನ ಅಂಚಿನವರೆಗೂ ಅಗಲವಾಗಿ ಬಳಸಿ ಹಾಕಿದರು. ಒಂದು ತಟ್ಟೆಯಾದರೂ ಇಡಬಹುದೆಂದುಕೊಂಡಿದ್ದ ಜಾಗವೂ ಹೋಯಿತು.

"ಇಷ್ಟು ಅಗಲ ಯಾಕೆ?" ಎಂದೆ.

"ಕಿರು ತಿರುವಾದ್ರೆ ಬಂಡಿ ಬೀಳ್ತದೆ. ನಿಂಗೂ ವಾಂತಿ ಬರ್ತದಲ್ಲ."

ಅದು ದಿಂಬಂ ಘಟ್ಟವೆಂದೂ, ಲೈನು ಹೋಗುವುದು ನನ್ನ ತವರಿಗೆಂದೂ ಆಗಲೇ ನನಗೆ ತಿಳಿದದ್ದು. ನಿಜವಾದ ರೈಲನ್ನೇ ಕಾಣದ ನಮ್ಮೂರಿಗೆ ಈ ಪುಣ್ಯಾತ್ಮ ನನ್ನ ಊಟದ ಮೇಜಿನ ಮೇಲೆ ಹಳಿ ಹಾಕುತ್ತಿದ್ದರು. ಕಣ್ಣು ಒದ್ದೆಯಾಯಿತು. ಆದರೂ ಮೇಜು ಮೇಜೇ, ಮಾತು ಹಿಂತೆಗೆಯಲಿಲ್ಲ.

ಅಮ್ಮ ಬಂದಳು. ಮೇಜು ಬಿಡುಗಡೆಯಾಗಿರಲಿಲ್ಲ. ಯಜಮಾನರು ಅವಳನ್ನು ಮೇಜಿನ ಪಕ್ಕ ಕುರ್ಚಿಯಲ್ಲಿ ಕೂರಿಸಿ, ತೊಡೆಯ ಮೇಲೆ ತಟ್ಟೆ ಕೊಟ್ಟು, ಹಲಗೆಯ ಮೇಲಿನ ಸೋಮನೂರು ಸ್ಟೇಷನ್ನಿನಲ್ಲಿ ತೆರೆದ ಬೋಗಿಯೊಂದಕ್ಕೆ ಉಪ್ಪಿನಕಾಯಿ ತುಂಬಿ ರೈಲು ಬಿಟ್ಟರು. ಘಟ್ಟದ ತಿರುವು ಬಂತು. ರೈಲು ಮೆಲ್ಲಗೆ ಬಳಸಿಕೊಂಡು ಅಮ್ಮನ ಎದುರಿಗಿದ್ದ ಗುಂಡ್ಲುಪೇಟೆ ಸ್ಟೇಷನ್ನಿಗೆ ಬಂದು ನಿಂತಿತು. ಅವರು ಸ್ಟೇಷನ್ನಿನ ಹೆಸರಿನ ಬೋರ್ಡಿನ ಮೇಲಿದ್ದ ಕರವಸ್ತ್ರ ಎಳೆದರು. ಹಳದಿ ಬೋರ್ಡಿನ ಮೇಲೆ ಮುದ್ದಾದ ಕಪ್ಪು ಕನ್ನಡ ಅಕ್ಷರಗಳಿದ್ದವು:

"ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ."

ಅಮ್ಮ ರಾಗಿ ಕಳಿಸುತ್ತಿದ್ದದ್ದು ಗುಂಡ್ಲುಪೇಟೆಯ ಪಾತ್ರೆ ಅಂಗಡಿಯ ಹಳೆಯ ಕೈಚೀಲದಲ್ಲಿ. ಒಗೆದು ಒಗೆದು ಮೇಲಿನ ಸಾಲುಗಳೆಲ್ಲ ಅಳಿಸಿ, ಕೆಳಗಿನ ಒಂದು ಸಾಲು ಉಳಿದಿತ್ತು. ಅದನ್ನೇ ನೋಡಿಕೊಂಡು ಬರೆದಿದ್ದರು.

"ನೀಳವಾಗಿದೆ ಅಂತ ನಂಗೂ ಸಂದೇಹ ಬಂತು. ಊರು, ತಾಲೂಕು, ಜಿಲ್ಲೆ ಎಲ್ಲ ಸೇರಿರ್ಬೇಕು ಅಂತ ಬರ್ದೆ. ತಪ್ಪಾ, ಅತ್ತೆ?" ಎಂದು ಅಳುಕುತ್ತ ಕೇಳಿದರು.

ಅಮ್ಮ ನಿಧಾನವಾಗಿ ಓದಿಕೊಂಡು, ಬೋಗಿಯಿಂದ ಒಂದು ಹೋಳು ಉಪ್ಪಿನಕಾಯಿ ತೆಗೆದುಕೊಂಡಳು.

"ಒಂದಕ್ಷರಾನೂ ತಪ್ಪಿಲ್ಲ, ಅಳಿಯಂದ್ರೆ" ಎಂದಳು.

ಯಜಮಾನರ ಮುಖ ಊರಗಲವಾಯಿತು. ಅಮ್ಮ ಹೊರಡುವ ದಿನ ನಾನು ಆಡಿದ ಮಾತಿಗೆ ತಪ್ಪಬಾರದೆಂದು ಬ್ಯಾಗಿಗೆ ಸೀರೆ ತುಂಬತೊಡಗಿದೆ. ಅಮ್ಮ ಗಲ್ಲದಿಂದಲೇ ಮೇಜಿನ ಕಡೆ ತೋರಿಸಿ, "ಬೋರ್ಡ್ ಓದ್ಲಿಲ್ವೇನೇ?" ಎಂದಳು.

ಬೋರ್ಡು ಅಲ್ಲೇ ಇದೆ, ಮೇಜೂ ಬಿಡುಗಡೆಯಾಗಿಲ್ಲ. "ಅಕ್ಷರ ಕಲ್ಸಿಕೊಡು" ಎಂದು ಅವರು ಈಗಲೂ ಕೇಳುತ್ತಾರೆ. "ನಾಳೆ" ಎನ್ನುತ್ತೇನೆ. ಮೊದಲು ಸೋಮಾರಿತನಕ್ಕೆ ಹೇಳುತ್ತಿದ್ದೆ. ಈಗ ಅವರು ಓದಲು ಕಲಿತು ಆ ಬೋರ್ಡನ್ನು ಓದಿಬಿಟ್ಟರೆ, ತವರಿಗೆ ಹೋಗುತ್ತೇನೆಂದು ಹೆದರಿಸಲು ನನಗೆ ಊರೇ ಉಳಿಯುವುದಿಲ್ಲ.