ಪರೀಕ್ಷಾ ಗಿಡವು ಅನುಮತಿಯಿಲ್ಲದೆ ಚೇತರಿಸಿಕೊಂಡಿರುವ ಬಗ್ಗೆ

ದಿನಾಂಕ: 14 ಜುಲೈ 2025, ಸೋಮವಾರ. ವೇಳೆ: ಬೆಳಿಗ್ಗೆ 10 ಗಂಟೆ 40 ನಿಮಿಷ

ಬೆಳೆ ಸಲಹೆಗಾರರ ಪ್ರಮಾಣೀಕರಣ ವಿಭಾಗ
ಸುತ್ತೋಲೆ ಸಂಖ್ಯೆ: ಬೆಸಪ್ರ/ಗಿಡ-1/ತಿದ್ದುಪಡಿಯ ತಿದ್ದುಪಡಿ/2025

ವಿಷಯ: ಪ್ರಾಯೋಗಿಕ ಪರೀಕ್ಷೆಯ ನಿಂಬೆ ಗಿಡವು ಹಸಿರಾದ ಕಾರಣ ಉದ್ಭವಿಸಿರುವ ಪರಿಸ್ಥಿತಿ.

ಉಲ್ಲೇಖ: 1) ಅಭ್ಯರ್ಥಿ ಸಂಖ್ಯೆ 27ರ ಹೇಳಿಕೆ. 2) ಕಚೇರಿ ಸಹಾಯಕಿಯ ವಿವರಣೆ. 3) ಮುಖ್ಯ ಪರೀಕ್ಷಕರ ಮೌಖಿಕ ಆಘಾತ.

ಪೀಠಿಕೆ: ವಿಭಾಗದ ಮೊದಲನೇ ಮಹಡಿಯ ಪಡಸಾಲೆಯಲ್ಲಿ, ನೀರಿನ ಫಿಲ್ಟರಿನ ಪಕ್ಕದ ಕುಂಡದಲ್ಲಿರುವ ನಿಂಬೆ ಗಿಡವು ಹನ್ನೊಂದು ವರ್ಷಗಳಿಂದ ತೃಪ್ತಿಕರವಾಗಿ ಕಾಯಿಲೆ ಬಿದ್ದಿರುತ್ತದೆ. ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ಗಿಡಕ್ಕೇನಾಗಿದೆ ಎಂಬ ಪರೀಕ್ಷೆಯ ಪ್ರಶ್ನೆಗೆ, ಗಡಸಾದ ಬೋರ್ ನೀರಿನಿಂದ ಬಂದ ಕಬ್ಬಿಣದ ಕೊರತೆ ಎಂಬುದೇ ಸರಿಯುತ್ತರ.

ಅಭ್ಯರ್ಥಿ ಸಂಖ್ಯೆ 27 ಗೊಬ್ಬರದ ಅಂಗಡಿಯೊಂದರ ಮಾರಾಟಗಾರ್ತಿ. ಇದು ಅವರ ಮೂರನೇ ಪ್ರಯತ್ನ. ಪ್ರಮಾಣಪತ್ರವಿಲ್ಲದವರು ಬೆಳೆಯ ಬಗ್ಗೆ ಯಾರಿಗೂ ಸಲಹೆ ಕೊಡಕೂಡದೆಂಬ ನಿಯಮ ಈ ತಿಂಗಳ ಮೊದಲ ದಿನದಿಂದ ಜಾರಿಯಾಗಲಿದ್ದುದರಿಂದ, ಈ ಸಲವೂ ತಪ್ಪಿದರೆ ಗೋದಾಮಿನಲ್ಲಿ ಚೀಲ ಎಣಿಸಲು ಹೋಗಬೇಕೆಂದು ಮಾಲೀಕರು ಅವರಿಗೆ ಹೇಳಿಬಿಟ್ಟಿದ್ದರು. ಸರಿಯುತ್ತರವನ್ನು ನಾಲ್ಕೇ ಸಾಲಿನಲ್ಲಿ ಬರೆದು ಮುಗಿಸಿದ ಸದರಿಯವರು, ತೆಪ್ಪಗೆ ಮನೆಗೆ ಹೋಗುವುದನ್ನು ಬಿಟ್ಟು, ತಮ್ಮ ಕೈಚೀಲದಲ್ಲಿದ್ದ ಕಬ್ಬಿಣಾಂಶದ ಪುಡಿಯನ್ನು ನೀರಿಗೆ ಕದಡಿ ಗಿಡದ ಬುಡಕ್ಕೆ ಹೊಯ್ದಿರುತ್ತಾರೆ. ಅಲ್ಲದೆ ಕಚೇರಿ ಸಹಾಯಕಿಗೆ, "ಅಕ್ಕಾ, ಬೋರ್ ನೀರು ನಿಲ್ಸಿ, ಫಿಲ್ಟರ್ ನೀರು ಹಾಕಿ ನೋಡಿ" ಎಂದು ಹೇಳಿರುತ್ತಾರೆ.

ಆದುದರಿಂದ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ:

1. ಐದು ವಾರಗಳ ನಂತರ ಪರಿಶೀಲನೆಗೆ ಬಂದ ತಂಡಕ್ಕೆ ಗಿಡದಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಉತ್ತರವು ಪರಿಶೀಲನೆಯ ದಿನದ ಗಿಡಕ್ಕೆ ಹೊಂದಬೇಕೆಂಬ ನಿಯಮದಂತೆ 27ರವರ ಉತ್ತರ ತಪ್ಪೆಂದು ಘೋಷಿಸಲಾಗಿದೆ. ಖಾಲಿ ಹಾಳೆ ಕೊಟ್ಟ ಅಭ್ಯರ್ಥಿ ಸಂಖ್ಯೆ 14ರವರು ಗಿಡಕ್ಕೆ ಏನೂ ಆಗಿಲ್ಲವೆಂಬುದನ್ನು ಮುಂಚಿತವಾಗಿ ಗ್ರಹಿಸಿರುವುದರಿಂದ ಅವರೊಬ್ಬರೇ ಉತ್ತೀರ್ಣರು.

2. ವಿಚಾರಣೆಯಲ್ಲಿ ಮುಖ್ಯ ಪರೀಕ್ಷಕರು, "ಏನಮ್ಮಾ, ಗಿಡ ನೋಡು ಅಂದ್ವಿ. ವಾಸಿ ಮಾಡು ಅಂದಿದ್ವಾ?" ಎಂದು ಕೇಳಲಾಗಿ, 27ರವರು, "ನೋಡಿದ್ಮೇಲೆ ಹಾಗೇ ಹೋಗೋಕೆ ಮನಸ್ಸು ಬರ್ಲಿಲ್ಲ ಸರ್" ಎಂದಿರುತ್ತಾರೆ. ಮನಸ್ಸು ಪಠ್ಯಕ್ರಮದಲ್ಲಿಲ್ಲ. ಕಚೇರಿ ಸಹಾಯಕಿಯು, "ಇಷ್ಟು ವರ್ಷ ಬಂದೋರೆಲ್ಲ ಗಿಡಕ್ಕೇನಾಗಿದೆ ಅಂತ ಪೇಪರಿಗೆ ಹೇಳಿ ಹೋದ್ರು. ನೀರು ಹಾಕೋಳು ನಾನು, ನನಗೆ ಹೇಳಿದ್ದು ಇವಳೊಬ್ಬಳೇ" ಎಂದು ವಿವರಣೆ ನೀಡಿದ್ದು, ಸದರಿ ವಿವರಣೆಯು ಅರ್ಥವಾಗುವಂತಿರುವುದರಿಂದ ತಿರಸ್ಕರಿಸಲಾಗಿದೆ.

3. ಇನ್ನು ಮುಂದೆ ಪರೀಕ್ಷಾ ಗಿಡವು ಆರೋಗ್ಯವಾಗಿರುವುದನ್ನು ನಿಷೇಧಿಸಲಾಗಿದೆ. ಅಭ್ಯರ್ಥಿಗಳು ಕೂದಲ ಪಿನ್ನು, ಬೀಗದ ಕೈ ಮುಂತಾದ ಕಬ್ಬಿಣದ ವಸ್ತುಗಳನ್ನು ಬಾಗಿಲಲ್ಲೇ ಒಪ್ಪಿಸತಕ್ಕದ್ದು. ಗಿಡವನ್ನು ಕನಿಕರದಿಂದ ನೋಡುವವರನ್ನು ನಕಲು ಮಾಡಿದವರೆಂದು ಭಾವಿಸಲಾಗುವುದು.

4. ಫಿಲ್ಟರಿಗೆ ಬೀಗ ಹಾಕಲಾಗಿದ್ದು, ಸಿಬ್ಬಂದಿಯೂ ಬೋರ್ ನೀರನ್ನೇ ಕುಡಿಯತಕ್ಕದ್ದು. ಇದರಿಂದ ಯಾರಾದರೂ ಹಳದಿಯಾದಲ್ಲಿ ಅವರನ್ನು ಬದಲಿ ಗಿಡವಾಗಿ ಪರಿಗಣಿಸಲಾಗುವುದು. ಅಂಥವರು ಪರೀಕ್ಷೆಯ ದಿನ ರಜೆ ಹಾಕುವಂತಿಲ್ಲ.

5. ಮುಂದಿನ ಪರೀಕ್ಷೆಯೊಳಗೆ ಗಿಡವನ್ನು ಪೂರ್ವಸ್ಥಿತಿಗೆ ತರಬೇಕಾಗಿದೆ. ಬೋರ್ ನೀರನ್ನು ಮತ್ತೆ ಹೊಯ್ದರೂ ಗಿಡ ಜಗ್ಗುತ್ತಿಲ್ಲ. ಪ್ರಮಾಣಿತ ಸಲಹೆಗಾರರಾದ 14ರವರ ಲಿಖಿತ ಸಲಹೆ ಕೋರಲಾಗಿ, ಅವರು ಸಹಿ ಮಾಡಿದ ಖಾಲಿ ಹಾಳೆ ಕಳುಹಿಸಿದ್ದು, ಅದನ್ನು ಧನ್ಯವಾದಗಳೊಂದಿಗೆ ಕಡತದಲ್ಲಿರಿಸಲಾಗಿದೆ.

6. ಅನ್ಯ ಮಾರ್ಗವಿಲ್ಲದೆ ಇಂದು ಬೆಳಿಗ್ಗೆ 27ರವರನ್ನು ಕರೆಸಲಾಯಿತು. ಅವರು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ಎಲೆಯ ಹಿಂಬದಿ ನೋಡಿ, ಕೈ ಕೊಡವಿ ಎದ್ದು, "ಸಲಹೆ ಕೊಡೋಕೆ ಪ್ರಮಾಣಪತ್ರ ಇರ್ಬೇಕಲ್ವಾ ಸರ್? ನಿಯಮ ಮಾಡಿದ್ದು ನೀವೇ" ಎಂದರು. ಮುಖ್ಯ ಪರೀಕ್ಷಕರು ನಿಯಮವನ್ನು ಎರಡು ಸಲ ಓದಿ, ಒಂದು ಲೋಟ ಬೋರ್ ನೀರು ಕುಡಿದು, ಪ್ರಮಾಣಪತ್ರಕ್ಕೆ ಸಹಿ ಹಾಕಿರುತ್ತಾರೆ. ಅದನ್ನು ವಾಪಸು ಪಡೆಯಲು ನಿಯಮಗಳಲ್ಲಿ ಅವಕಾಶವಿಲ್ಲ. ಹುಡುಕಲಾಗಿದೆ.

7. ಸದರಿ ಪ್ರಮಾಣಿತ ಸಲಹೆಗಾರರು ಪತ್ರವನ್ನು ಕೈಚೀಲಕ್ಕೆ ಸೇರಿಸಿಕೊಂಡ ಮೇಲೆ ನೀಡಿದ ಸಲಹೆ: "ಮೊಗ್ಗು ಬರ್ತಾ ಇದೆ. ಫಿಲ್ಟರ್ ನೀರೇ ಹಾಕಿ, ಸುಮ್ನೆ ಬಿಟ್ಬಿಡಿ." ಪ್ರಮಾಣಿತ ಸಲಹೆಯನ್ನು ಮೀರುವುದು ಶಿಕ್ಷಾರ್ಹವಾದ್ದರಿಂದ, ಖಂಡಿಕೆ 3 ಮತ್ತು 4 ಜಾರಿಯಲ್ಲಿರುತ್ತವೆ, ಆದರೆ ಯಾರೂ ಪಾಲಿಸುವಂತಿಲ್ಲ.

ಸಹಿ/-
ಮುಖ್ಯ ಪರೀಕ್ಷಕರು
(ಚಿಕಿತ್ಸೆಗೆ ಹೊಣೆಗಾರರಲ್ಲ)

ಪ್ರತಿಗಳು:
1. ಗೊಬ್ಬರದ ಅಂಗಡಿಯ ಮಾಲೀಕರಿಗೆ: ಸಲಹೆಗಾರರನ್ನು ಗೋದಾಮಿಗೆ ಕಳುಹಿಸತಕ್ಕದ್ದಲ್ಲ.
2. ಅಭ್ಯರ್ಥಿ ಸಂಖ್ಯೆ 14ರವರಿಗೆ: ಖಾಲಿ ಪ್ರತಿ.
3. ಕಚೇರಿ ಸಹಾಯಕಿಗೆ: ಫಿಲ್ಟರಿನ ಬೀಗದ ಕೈ ಸಹಿತ.
4. ಕುಂಡಕ್ಕೆ ಅಂಟಿಸಲು. ಅಂಟಿಸುವಾಗ ಅಳೆಯಲಾದ ಹೊಸ ಚಿಗುರಿನ ಉದ್ದ 11.4 ಸೆಂಟಿಮೀಟರ್.