ಅತ್ತೆಗೆ ದುಬೈ ಹಿಡಿಸಿದ ಬಗೆ

ದುಬೈಗೆ ಬಂದವರಿಗೆಲ್ಲ ಈ ಊರಿನ ಬಗ್ಗೆ ಒಂದು ಅಭಿಪ್ರಾಯ ಹುಟ್ಟುತ್ತಲೇ ಇರುತ್ತದೆ. ನಾಲ್ಕು ದಿನ ಇದ್ದು ಹೋದವರ ಅಭಿಪ್ರಾಯ ವರ್ಷಗಟ್ಟಲೆ ಇರುವ ನಮ್ಮದಕ್ಕಿಂತ ಗಟ್ಟಿ. ಒಬ್ಬರಿಗೆ ಕಟ್ಟಡ ಜಾಸ್ತಿಯಾಯಿತು, ಇನ್ನೊಬ್ಬರಿಗೆ ಬಿಸಿಲು ಜಾಸ್ತಿಯಾಯಿತು. ನನ್ನ ಚಿಕ್ಕಪ್ಪನಿಗಂತೂ ಎಲೆಅಡಿಕೆ ಉಗುಳಲು ಜಾಗವಿಲ್ಲದ್ದೇ ಈ ಊರಿನ ಏಕೈಕ ದೋಷ. ಇಂಥ ಮಾತಿಗೆಲ್ಲ ನಾನು ತಲೆ ಕೆಡಿಸಿಕೊಂಡವನಲ್ಲ. ಆದರೆ ಅತ್ತೆಯ ಅಭಿಪ್ರಾಯದ ಮೇಲೆ ನನ್ನ ಹೆಂಡತಿಯ ಕೆಲಸ ನಿಂತಿತ್ತು.

ಹೆರಿಗೆ ರಜೆ ಮುಗಿಯುತ್ತ ಬಂದಿತ್ತು. ಮಗುವನ್ನು ನೋಡಿಕೊಳ್ಳಲು ಅತ್ತೆ ನಿಂತರೆ ಇವಳು ಆಫೀಸಿಗೆ, ಇಲ್ಲದಿದ್ದರೆ ರಾಜೀನಾಮೆ. ಅತ್ತೆ ಕಾಪುವಿನಿಂದ ವಿಸಿಟ್ ವೀಸಾದಲ್ಲಿ ಬಂದಿಳಿದವರೇ ಷರತ್ತು ಹಾಕಿದರು. "ಮೊದಲು ಊರು ನೋಡ್ತೇನೆ. ಹಿಡಿಸಿದರೆ ನಿಲ್ಲುದು. ಇಲ್ಲದಿದ್ದರೆ ಒತ್ತಾಯ ಮಾಡಬೇಡಿ." ದಿನವೂ ಬೆಳಿಗ್ಗೆ ಊರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ ದುಬೈ ಬಗ್ಗೆ ತೀರ್ಪು ಹೇಳುತ್ತಿದ್ದರು. ನಾವಿಬ್ಬರೂ ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ಕೇಳುತ್ತಿದ್ದೆವು.

ಯಾರೂ ಬಿಡದ ರೈಲು

ಒಳ್ಳೆಯ ಅಭಿಪ್ರಾಯ ಬರಲಿ ಎಂದು ಮೊದಲು ಮೆಟ್ರೋ ತೋರಿಸಿದೆ. ಅಲ್ ಕುಸೈಸ್‌ನಲ್ಲಿ ಹತ್ತಿ, ಹೆಮ್ಮೆಯಿಂದ ಎಲ್ಲಕ್ಕಿಂತ ಮುಂದಿನ ಗಾಜಿನ ಹತ್ತಿರವೇ ಕೂರಿಸಿದೆ. ಸ್ವಲ್ಪ ದೂರ ಹೋದ ಮೇಲೆ ರೈಲು ನೆಲದಡಿಗೆ ಇಳಿಯಿತು. ಎದುರಿಗೆ ಕಪ್ಪು ಸುರಂಗ, ಗಾಜಿನಲ್ಲಿ ನಮ್ಮದೇ ಮುಖಗಳು.

"ಡ್ರೈವರ್ ಎಲ್ಲಿ?" ಎಂದರು ಅತ್ತೆ.

"ಇಲ್ಲ ಅತ್ತೆ. ಇದು ತಾನಾಗಿಯೇ ಹೋಗುತ್ತದೆ."

"ತಾನಾಗಿಯೇ ಅಂದರೆ?"

"ಅಂದರೆ ಯಾರೂ ಇಲ್ಲ."

ರೈಲು ತಾನಾಗಿಯೇ ನಿಂತಿತು, ಬಾಗಿಲು ತಾನಾಗಿಯೇ ತೆರೆಯಿತು, ಯಾರೂ ಹತ್ತಲಿಲ್ಲ, ಬಾಗಿಲು ಮುಚ್ಚಿತು. ಅತ್ತೆ ಮೆಲ್ಲನೆ ಸೀಟಿನ ತುದಿಗೆ ಸರಿದು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟರು. ಅದು ಯಾರಿಗೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ವಾಪಸ್ ಬರುವಾಗ ಬಸ್ಸೇ ಬೇಕೆಂದರು. ಹತ್ತಿದವರು ಡ್ರೈವರನ ಹಿಂದೆಯೇ ಕೂತು, ಮನೆ ಬರುವವರೆಗೂ ಅವನ ಕತ್ತಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಮರುದಿನದ ಫೋನ್: "ಅಳಿಯ ಒಳ್ಳೆಯವರೇ ಅಕ್ಕ. ಆದರೆ ರೈಲು ಬಿಡುವವರು ಯಾರೂ ಇಲ್ಲ ಅಂತ ಗೊತ್ತಿದ್ದೂ ಹತ್ತಿಸಿದರು."

ಮಿರ್ದಿಫ್‌ನ ಮಧ್ಯಾಹ್ನ

ಮಿರ್ದಿಫ್‌ನಲ್ಲಿ ನನ್ನ ಗೆಳೆಯನದೊಂದು ವಿಲ್ಲಾ ಇದೆ. ಅವರೆಲ್ಲ ಬೇಸಿಗೆ ರಜೆಗೆ ಊರಿಗೆ ಹೋಗಿದ್ದರು, ಗಿಡಗಳಿಗೆ ನೀರು ಹಾಕುವ ಕೆಲಸ ನನಗೆ ಬಿದ್ದಿತ್ತು. ದೊಡ್ಡ ಮನೆ ನೋಡಿದರೆ ಅತ್ತೆಗೆ ಖುಷಿಯಾದೀತು ಎಂದು ಕರೆದುಕೊಂಡು ಹೋದೆ. ನಡು ಮಧ್ಯಾಹ್ನ, ಜುಲೈ ತಿಂಗಳು. ರಸ್ತೆಯ ಎರಡೂ ಬದಿ ಸಾಲು ಮನೆಗಳು. ಒಬ್ಬ ಮನುಷ್ಯ ಇಲ್ಲ, ನಾಯಿ ಇಲ್ಲ, ಕಾಗೆಯೂ ಇಲ್ಲ. ಎ.ಸಿ.ಗಳು ಮಾತ್ರ ಒಂದೇ ಸಮನೆ ಗುಂಯ್‌ಗುಡುತ್ತಿದ್ದವು.

"ಈ ಮನೆಯವರೆಲ್ಲ ಎಲ್ಲಿ ಹೋದರು?"

"ಒಳಗಿದ್ದಾರೆ ಅತ್ತೆ."

"ನೀವು ನೋಡಿದ್ದೀರಾ?"

ನೋಡಿರಲಿಲ್ಲ. ಅಷ್ಟರಲ್ಲಿ ದೊಡ್ಡದೊಂದು ನೆರಳು ಮನೆಯನ್ನು ಇಡಿಯಾಗಿ ಮುಚ್ಚಿ ದಾಟಿ ಹೋಯಿತು. ಅದರ ಹಿಂದೆಯೇ ಸದ್ದು. ಏರ್‌ಪೋರ್ಟ್ ಹತ್ತಿರ, ವಿಮಾನ ಅಷ್ಟು ಕೆಳಗೆ ಹೋಗುತ್ತದೆ ಎಂದೆ. ಅತ್ತೆ ಆಕಾಶ ನೋಡಲಿಲ್ಲ, ನನ್ನ ಮುಖ ನೋಡಿದರು.

ಒಳಗೆ ಹೋಗಿ ಕೂತೆವು. ಬೀಗ ಹಾಕಿದ್ದ ಮನೆ, ಪರದೆ ಎಳೆದ ಅರೆಗತ್ತಲು. ಸೋಫಾದ ಅಡಿಯಿಂದ ಏನೋ ಗುರುಗುಟ್ಟಿತು. ನಾನು ಕಾಲು ಮೇಲೆತ್ತಿಕೊಂಡೆ. ಕಪ್ಪು ತಟ್ಟೆಯಂಥದ್ದೊಂದು ಹೊರಗೆ ಬಂದು, ನೇರ ಅತ್ತೆಯ ಕಾಲಿನತ್ತ ಹೊರಟಿತು. ಗೆಳೆಯನ ಮನೆಯ ಕಸ ಗುಡಿಸುವ ಯಂತ್ರ ಅದು. ಯಾರಿರಲಿ ಬಿಡಲಿ, ಹೊತ್ತಿಗೆ ಸರಿಯಾಗಿ ತನ್ನಷ್ಟಕ್ಕೆ ಗುಡಿಸುತ್ತದಂತೆ. ನನಗದು ನೆನಪಾಗುವ ಮೊದಲೇ ಅತ್ತೆ ಅದಕ್ಕೆ ಬೆರಳು ತೋರಿಸಿ ಗದರಿದರು: "ನೆಂಟರು ಕೂತಿರುವಾಗ ಗುಡಿಸ್ತಾರಾ? ಹೋಗು ಒಳಗೆ."

ಅದು ಒಂದು ಕ್ಷಣ ನಿಂತಿತು. ಮೆಲ್ಲನೆ ತಿರುಗಿ ಸೋಫಾದ ಅಡಿಗೆ ಹೋಯಿತು.

ಬ್ಯಾಟರಿ ಮುಗಿದಿರಬೇಕು ಎಂದು ನಾನು ಈಗಲೂ ಹೇಳಿಕೊಳ್ಳುತ್ತೇನೆ. ಅತ್ತೆ ಅಕ್ಕನಿಗೆ ಹೇಳಿದ್ದು ಬೇರೆ: "ಈ ಊರಲ್ಲಿ ಮನುಷ್ಯರು ಕಾಣುದಿಲ್ಲ. ಮನುಷ್ಯರಲ್ಲದವು ಉಂಟು, ಅವು ಹೇಳಿದ ಮಾತು ಕೇಳ್ತವೆ."

ಗ್ರೋಸರಿಯವರ ಭರವಸೆ

ನಮ್ಮ ಕಟ್ಟಡದ ಕೆಳಗೊಂದು ಗ್ರೋಸರಿ ಅಂಗಡಿ. ನಡೆಸುವವರು ಉಳ್ಳಾಲದ ಬ್ಯಾರಿ. ಈ ಊರಿನಲ್ಲಿ ಅತ್ತೆಯ ಜೊತೆ ತುಳುವಿನಲ್ಲಿ ಹರಟುವ ಒಬ್ಬರಾದರೂ ಸಿಕ್ಕಿದರಲ್ಲ ಎಂದು ನನಗೆ ಸಮಾಧಾನ. ಅತ್ತೆ ಹಾಲು ತೆಗೆದುಕೊಳ್ಳುತ್ತ ನೇರವಾಗಿಯೇ ಕೇಳಿದರು: "ಇಲ್ಲಿ ಭೂತ ಪ್ರೇತ ಎಲ್ಲ ಉಂಟಾ?"

"ಇಲ್ಲಮ್ಮ, ಹೆದರಬೇಡಿ" ಎಂದರು ಅವರು. "ಇಲ್ಲಿ ಯಾರಾದರೂ ಸತ್ತರೆ ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಕಳಿಸುದು. ಮತ್ತೆ ಇಲ್ಲಿ ಸುತ್ತಲಿಕ್ಕೆ ಎಂತ ಉಂಟು? ಖಲಾಸ್."

ಎಷ್ಟು ಚೆಂದದ ಮಾತು ಎಂದು ನಾನು ಒಳಗೊಳಗೇ ಕೈ ಮುಗಿದೆ. ಅತ್ತೆ ಸುಮ್ಮನೆ ಹೊರಟವರು ಬಾಗಿಲಲ್ಲಿ ನಿಂತರು.

"ಮತ್ತೆ ಅಂಗಡಿಯಲ್ಲಿ ಒಬ್ಬರೇ ಇರುವಾಗ ಯಾಕೆ ರೇಡಿಯೋ ಅಷ್ಟು ಜೋರಾಗಿ ಇಡುದು?"

ಅವರು ಹಿಂದಿನ ಗೋದಾಮಿನ ಬಾಗಿಲಿನತ್ತ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಇಲ್ಲದಿದ್ದರೆ ಒಳಗೆ ಯಾರೋ ಕೆಮ್ಮುದು ಕೇಳ್ತದಮ್ಮ."

ಕೆಳಗಿನ ಮನೆಯವರು

ಇಷ್ಟಾದ ಮೇಲೆ ಅತ್ತೆ ನಿಲ್ಲುವುದಿಲ್ಲವೆಂದು ಖಾತ್ರಿಯಾಯಿತು. ಹೆಂಡತಿ ಆಫೀಸಿಗೆ ಹೋಗತೊಡಗಿದ್ದಳು, ಆದರೆ ರಾಜೀನಾಮೆಯನ್ನು ಹೇಗೆ ಬರೆಯಬೇಕೆಂದು ಯೋಚಿಸುತ್ತಲೇ ಹೋಗುತ್ತಿದ್ದಳು. ಸಂಜೆ ಬಂದು ಮಗುವನ್ನು ಎತ್ತಿಕೊಂಡರೆ ಅವಳ ಕಣ್ಣು ತುಂಬುತ್ತಿತ್ತು. ನೋಡಿ ನನಗೂ ಸಂಕಟವಾಗುತ್ತಿತ್ತು.

ಆಶ್ಚರ್ಯವೆಂದರೆ ಅತ್ತೆ ದಿನದಿಂದ ದಿನಕ್ಕೆ ಗೆಲುವಾದರು. ಒಂದು ಮಧ್ಯಾಹ್ನ, ಮರೆತು ಹೋದ ಲ್ಯಾಪ್‌ಟಾಪ್ ಒಯ್ಯಲು ಮನೆಗೆ ಬಂದೆ. ಬಾತ್‌ರೂಮಿನಿಂದ ಮಾತು ಕೇಳಿಸಿತು. ಅತ್ತೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕೂತಿದ್ದರು. ಗೋಡೆಯಲ್ಲಿ ಗಾಳಿ ಹೋಗುವ ಜಾಲರಿಯಿಂದ ಹೆಂಗಸೊಬ್ಬಳ ಸಣ್ಣ ದನಿ, ಅಪ್ಪಟ ತುಳುವಿನಲ್ಲಿ ಜೋಗುಳ ಹಾಡುತ್ತಿತ್ತು. ಮಗು ನಿದ್ದೆ ಹೋಗಿತ್ತು.

"ಯಾರು ಅತ್ತೆ?"

"ಕೆಳಗಿನಿಂದ. ನಮ್ಮ ಕಡೆಯವಳೇ" ಎಂದು ಪಿಸುಗುಟ್ಟಿದರು. "ವೀಸಾ ಮಾಡಿಸಿ. ನಾನು ನಿಲ್ತೇನೆ."

ಹಾಲು ಕುಡಿದಷ್ಟು ಸಂತೋಷವಾಯಿತು. ಸಂಜೆಯೇ ಒಂದು ಡಬ್ಬಿ ಮಿಠಾಯಿ ಹಿಡಿದು ಆ ಮಹಾತಾಯಿಗೆ ಥ್ಯಾಂಕ್ಸ್ ಹೇಳಲು ಕೆಳಗಿನ ಮಹಡಿಗೆ ಇಳಿದೆ. ಬೆಲ್ ಒತ್ತಿದರೆ ಸದ್ದಿಲ್ಲ. ಬಾಗಿಲಿನ ಸಂದಿಯಲ್ಲಿ ಹೋಟೆಲಿನವರ ಹಳೆಯ ಜಾಹೀರಾತು ಚೀಟಿಗಳು ಧೂಳು ಹಿಡಿದು ಕೂತಿದ್ದವು.

ವಾಚ್‌ಮನ್ ಬಂದ. "ಯಾರೂ ಇಲ್ಲ ಸಾಬ್. ಹೋದ ವರ್ಷದಿಂದ ಖಾಲಿ."

"ಹಾಗಾದರೆ ಅದರ ಕೆಳಗೆ?"

"ಪೇಶಾವರದ ಬ್ಯಾಚುಲರ್‌ಗಳು. ಅದರ ಕೆಳಗೆ ಕಂಪೆನಿಯ ಗೋಡೌನ್. ನಿಮ್ಮ ಮೇಲೆ ಟೆರೇಸು."

ಪೇಶಾವರದ ಯಾವ ಬ್ಯಾಚುಲರ್ ತುಳು ಜೋಗುಳ ಹಾಡುತ್ತಾನೆ? ಮಿಠಾಯಿ ಡಬ್ಬಿ ವಾಚ್‌ಮನ್ ಕೈಗೆ ಕೊಟ್ಟು ಮೇಲೆ ಬಂದು ಹೆಂಡತಿಗೆ ಹೇಳಿದೆ. ಅವಳು ಮೊದಲು ಬಾತ್‌ರೂಮಿನ ಬಾಗಿಲು ಎಳೆದು ಮುಚ್ಚಿದಳು. ಆಮೇಲೆ ಹೇಳಿದಳು: "ಅಮ್ಮನಿಗೆ ಹೇಳಬೇಡಿ. ಹೇಳಿದರೆ ಹೊರಟೇ ಹೋಗ್ತಾರೆ. ಮಗುವಿಗೆ ಎಂತ ತೊಂದರೆ ಆಗಲಿಲ್ಲ ಅಲ್ವಾ?"

ವೀಸಾ ಆಗುವವರೆಗೂ ನಾನು ಆ ಬಾತ್‌ರೂಮಿಗೆ ಕಾಲಿಡಲಿಲ್ಲ. ಆದರೆ ಮುದುಕಿಯನ್ನೂ ಹಸುಗೂಸನ್ನೂ ಅಂಥದ್ದರ ಜೊತೆ ಬಿಟ್ಟು ಹೋಗಿ ಆಫೀಸಿನಲ್ಲಿ ಹೇಗೆ ಕೂರುವುದು? ವೀಸಾಕ್ಕೆ ಬೇಕಾದ ಮೆಡಿಕಲ್ ಪರೀಕ್ಷೆ ಮಾಡಿಸಲು ಅತ್ತೆಯನ್ನು ಕಾರಿನಲ್ಲಿ ಕರೆದೊಯ್ಯುವಾಗ ತಡೆಯಲಾಗಲಿಲ್ಲ.

"ಅತ್ತೆ, ಆ ಕೆಳಗಿನ ಮನೆಯಲ್ಲಿ..."

"ಯಾರೂ ಇಲ್ಲ. ಗೊತ್ತುಂಟು."

ಕಾರು ಸ್ವಲ್ಪ ಅಡ್ಡ ಹೋಯಿತು. "ಹೆದರಿಕೆ ಆಗಲಿಲ್ವಾ?"

"ಎಂತ ಹೆದರಿಕೆ ಮಾರಾಯ್ರೆ? ನೀವಿಬ್ಬರು ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುದು. ಇಷ್ಟು ದೊಡ್ಡ ಊರಲ್ಲಿ ನನ್ನ ಹತ್ತಿರ 'ಊಟ ಆಯ್ತಾ' ಅಂತ ಕೇಳಿದ್ದು ಅವಳು ಒಬ್ಬಳೇ."

ಮುಖ ತಗ್ಗಿಹೋಯಿತು. ಸಿಗ್ನಲ್‌ನಲ್ಲಿ ನಿಂತಾಗ ಮೆಲ್ಲನೆ ಕೇಳಿದೆ: "ಆದರೆ ನಿಮಗೆ ಗೊತ್ತಾದದ್ದು ಹೇಗೆ? ವಾಚ್‌ಮನ್ ಹೇಳಿದನಾ?"

"ಅವನು ಯಾಕೆ ಹೇಳಬೇಕು?" ಎಂದು ಅತ್ತೆ ಸೆರಗು ಸರಿಮಾಡಿಕೊಂಡರು. "ನಾನು ಅವಳ ಹತ್ತಿರ ಮಾತಾಡಲಿಕ್ಕೆ ಶುರು ಮಾಡಿ ಒಂದು ತಿಂಗಳಾಯ್ತು. ಇವತ್ತಿನವರೆಗೆ ಅವಳು ತನ್ನ ಸೊಸೆಯ ಬಗ್ಗೆ ಒಂದೇ ಒಂದು ದೂರು ಹೇಳಲಿಲ್ಲ. ಜೀವ ಇರುವ ಹೆಂಗಸಾದರೆ ಸಾಧ್ಯವಾ?"