ಔಷಧವನ್ನು ತಲೆಕೆಳಗಾಗಿ ಕೂರಿಸಿದ ಡಾಕಿಂಗ್ ತಂತ್ರಾಂಶಕ್ಕೆ

ಮಾನ್ಯರೇ,

ತಮಗೆ ಮುಖವೆಂಬುದು ಇಲ್ಲವಾದ್ದರಿಂದ, ತಾವು ವಾಸವಾಗಿರುವ ಕಂಪ್ಯೂಟರಿನ ಕಡೆಗೆ ಕೈಮುಗಿದು, ಕ್ಷೇಮ ವಿಚಾರಿಸಿ, ಈ ಬಿನ್ನಹವನ್ನು ಆರಂಭಿಸುತ್ತಿದ್ದೇನೆ.

ಮೊದಲಿಗೆ ಒಂದು ತಿದ್ದುಪಡಿ. ಪರೀಕ್ಷೆಯ ದಿನ ಮಾಡಿದ ತಪ್ಪನ್ನು ತಾವೇ ಕಂಡುಹಿಡಿದು ತಾವೇ ತಿದ್ದಿಕೊಂಡಿರೆಂದು ಸಂಶೋಧನಾಲಯದ ವಾರ್ತಾಪತ್ರಿಕೆ ಬರೆದಿದೆ. ಇದು ಸುಳ್ಳು. ಮನೆಯವರಿಗೂ ಪ್ರವೇಶವಿದ್ದ ಆ ದಿನ ಕೊಠಡಿಯಲ್ಲಿ ಇದ್ದವರು ಇಷ್ಟು ಜನ: ವಿಭಾಗದ ಮುಖ್ಯಸ್ಥರು, ಬಿಳಿ ಕೋಟಿನ ಗುಂಡಿಗಳನ್ನು ಒಂದೊಂದು ತೂತು ತಪ್ಪಿಸಿ ಹಾಕಿಕೊಂಡಿದ್ದ ರಸಾಯನಶಾಸ್ತ್ರಜ್ಞರು, ತಮ್ಮನ್ನು ಸಾಲು ಸಾಲಾಗಿ ಬರೆದು ಬೆಳೆಸಿದ ನನ್ನ ತಂಗಿಯ ಮಗಳು, ಅವಳ ತಾಯಿ, ಹಾಗೂ ನಿವೃತ್ತ ಶಿಕ್ಷಕಿಯಾದ ನಾನು. ವರದಿ ಬರೆದವರು ಇರಲಿಲ್ಲ.

ರೋಗಕ್ಕೆ ಸಂಬಂಧಿಸಿದ ಪ್ರೊಟೀನಿನ ಕುಳಿಯೊಳಗೆ ಯಾವ ಅಣು ಹೇಗೆ ಕುಳಿತರೆ ಔಷಧವಾದೀತೆಂದು ಊಹಿಸಿ ಅಂಕ ಕೊಡುವುದು ತಮ್ಮ ಉದ್ಯೋಗ; ಇದಕ್ಕೇ ಡಾಕಿಂಗ್ ಎನ್ನುತ್ತಾರಂತೆ. ಸೊನ್ನೆಗಿಂತ ಎಷ್ಟು ಕೆಳಗಿಳಿದರೆ ಅಷ್ಟು ಜಾಣನೆಂದು ಎಣಿಸುವ ತಮ್ಮ ಪದ್ಧತಿ ನನ್ನ ಶಾಲೆಯಲ್ಲಿದ್ದಿದ್ದರೆ ಹಿಂದಿನ ಬೆಂಚಿನವರೆಲ್ಲ ಪದಕ ಹೊತ್ತು ಮನೆಗೆ ಹೋಗುತ್ತಿದ್ದರು. ದಪ್ಪನೆಯ ಅಣು ಬಂದರೆ ತಾವು ಹೆಚ್ಚು ಅಂಕ ಸುರಿಯುತ್ತೀರಂತೆ. ಬೇಸರವಿಲ್ಲ, ಉತ್ತರಪತ್ರಿಕೆಯನ್ನು ತೂಗಿ ನೋಡುವ ಪರೀಕ್ಷಕರನ್ನು ನಾನೂ ಕಂಡಿದ್ದೇನೆ.

ಆದರೆ ಆ ದಿನದ ಪ್ರಶ್ನೆ, ಉತ್ತರ ಮೊದಲೇ ಗೊತ್ತಿದ್ದ ಪ್ರಶ್ನೆ. ಹಳೆಯದೊಂದು ಔಷಧವನ್ನು ಅದು ಕೂರುವ ಕುಳಿಯಿಂದ ಹೊರತೆಗೆದು, ಮತ್ತೆ ಅಲ್ಲಿಯೇ ಕೂರಿಸಿರೆಂದು ತಮ್ಮನ್ನು ಕೇಳಲಾಯಿತು. ತಾವು ಅದನ್ನು ತಲೆಕೆಳಗಾಗಿ ಕೂರಿಸಿದ್ದಲ್ಲದೆ ಆ ಭಂಗಿಗೇ ಪ್ರಥಮ ಸ್ಥಾನವನ್ನೂ ದಯಪಾಲಿಸಿದಿರಿ. ಬಣ್ಣಬಣ್ಣದ ಚಿತ್ರ ಕಂಡ ನನ್ನ ತಂಗಿ ಚಪ್ಪಾಳೆ ತಟ್ಟಿದಳು. ಬೇರೆ ಯಾರೂ ತಟ್ಟಲಿಲ್ಲ.

ಕಾರಣ ಹುಡುಕಿದವಳು ನಮ್ಮ ಹುಡುಗಿ. ಲೆಕ್ಕಾಚಾರ ಆರಂಭಿಸುವ ಮೊದಲು ಪ್ರೊಟೀನಿಗೆ ಅಂಟಿಕೊಂಡ ನೀರಿನ ಅಣುಗಳನ್ನೆಲ್ಲ ತೆಗೆದುಹಾಕುವುದು ಈ ಕಸುಬಿನವರ ರೂಢಿ. ಹೆಚ್ಚಿನವು ಸುಮ್ಮನೆ ಬಂದು ಹೋಗುವಂಥವು. ಈ ಕುಳಿಯಲ್ಲಿದ್ದ ಒಂದು ನೀರಿನ ಅಣು ಮಾತ್ರ ಒಂದು ಕೈಯಲ್ಲಿ ಗೋಡೆಯನ್ನು, ಇನ್ನೊಂದು ಕೈಯಲ್ಲಿ ಔಷಧವನ್ನು ಹಿಡಿದುಕೊಂಡಿತ್ತು. ತಾವು ಅದನ್ನೂ ತೆಗೆದುಹಾಕಿದ್ದಿರಿ. “ದೊಡ್ಡಮ್ಮಾ, ಗುಡಿಸೋ ಭರದಲ್ಲಿ ಇದು ಮನೆಯವರನ್ನೇ ಆಚೆ ಹಾಕ್ಬಿಟ್ಟಿದೆ,” ಎಂದು ಅವಳು ನಕ್ಕಳು. ಯಾವ ನೀರನ್ನು ಉಳಿಸಿಕೊಳ್ಳಬೇಕೆಂಬ ನಿಯಮವನ್ನು ಅವಳು ಬರೆದ ಮೇಲೆಯೇ ಔಷಧ ನೆಟ್ಟಗೆ ಕುಳಿತದ್ದು.

ವಾರ್ತಾಪತ್ರಿಕೆಯನ್ನು ಓದಿದ ಮುಖ್ಯಸ್ಥರು, ಕಣ್ಣಾರೆ ಕಂಡದ್ದನ್ನು ಬಿಟ್ಟು ಅಚ್ಚಾದದ್ದನ್ನೇ ನಂಬಿ, ತಾನಾಗಿಯೇ ಕಲಿಯುವ ತಂತ್ರಾಂಶಕ್ಕೆ ಕಲಿಸುವವರೇಕೆ ಎಂದು ತೀರ್ಮಾನಿಸಿ, ಅವಳನ್ನು ಗಾಜಿನ ಸೀಸೆಗಳ ಉಗ್ರಾಣಕ್ಕೆ ವರ್ಗಾಯಿಸಿದರು. ಮಗು ಊಟ ಬಿಟ್ಟಿತು. ಆದಕಾರಣ ತಾವು ದಯವಿಟ್ಟು ಮುಂದಿನ ಸಭೆಯಲ್ಲಿ ಎದ್ದು ನಿಂತು, ಗಂಟಲು ಸರಿಪಡಿಸಿಕೊಂಡು, ನಡೆದದ್ದನ್ನು ಪೂರ್ಣ ವಾಕ್ಯಗಳಲ್ಲಿ ಒಪ್ಪಿಕೊಳ್ಳಬೇಕು. ಸಾಧ್ಯವಾದರೆ ಸ್ವಲ್ಪ ನಾಚಿಕೊಳ್ಳಬೇಕು. ಅದೂ ಆಗದಿದ್ದರೆ ಬೆಂಚಿನ ಮೇಲೆ ನಿಲ್ಲಬೇಕು ಎಂದು ಕೋರುವವಳಿದ್ದೆ.

ಅಷ್ಟರಲ್ಲಿ ನಿನ್ನೆಯ ಸುದ್ದಿ ಬಂತು. ಮುಖ್ಯಸ್ಥರು ಅತಿಥಿಗಳ ಎದುರಿಗೆ, ಕುಳಿಯಲ್ಲಿ ಔಷಧವನ್ನು ಹಿಡಿದಿಡುವ ಸತುವೆಂಬ ಲೋಹವಿರುವ ಹೊಸದೊಂದು ಪ್ರೊಟೀನನ್ನು ಸ್ವಹಸ್ತದಿಂದ ತಮಗೆ ಒಪ್ಪಿಸಿದರಂತೆ. ಸತುವಿನ ಬಗ್ಗೆ ತಮಗೆ ಯಾರೂ ನಿಯಮ ಬರೆದಿರಲಿಲ್ಲ. ತಾವು ಔಷಧವನ್ನು ಕುಳಿಯ ಹೊರಗೆ, ಗೋಡೆಗೆ ತೂಗುಹಾಕಿ, ಎಂದಿನ ಆತ್ಮವಿಶ್ವಾಸದಿಂದ ಪ್ರಥಮ ಸ್ಥಾನ ನೀಡಿದಿರಿ. ಅತಿಥಿಗಳು ಕಾರಣ ಕೇಳಿದರು. ಮುಖ್ಯಸ್ಥರು ಚಹಾ ತರಿಸಿದರು. ಸಂಜೆ ಅವರೇ ಉಗ್ರಾಣಕ್ಕೆ ಇಳಿದು ಬಂದು, “ನೋಡಮ್ಮ, ಅದಕ್ಕೆ ತಾನಾಗಿ ಏನೂ ಬರಲ್ಲ. ನಿನ್ನ ಜಾಗಕ್ಕೆ ವಾಪಸ್ ಬಾ,” ಎಂದರಂತೆ. ಹುಡುಗಿ ರಾತ್ರಿ ಎರಡನೆಯ ಸಲ ಬಡಿಸಿಕೊಂಡು ಉಂಡಳು.

ಆದ್ದರಿಂದ ದೂರನ್ನು ಹಿಂತೆಗೆದುಕೊಂಡಿದ್ದೇನೆ. ಸರಿಯಾದ ಸಮಯಕ್ಕೆ ತಪ್ಪು ಉತ್ತರ ಬರೆದ ವಿದ್ಯಾರ್ಥಿಯನ್ನು ನಾನು ಅಭಿನಂದಿಸುತ್ತಿರುವುದು ಇದೇ ಮೊದಲು.

ತಪ್ಪು ಹುಡುಕುವ ಅಭ್ಯಾಸವನ್ನು ಇನ್ನೂ ಬಿಡದ,
ತಮ್ಮ ವಿಶ್ವಾಸಿ,
ತಮ್ಮನ್ನು ಬರೆದವಳ ದೊಡ್ಡಮ್ಮ

ವಿ.ಸೂ.: ಈ ಪತ್ರದ ಒಂದು ಪ್ರತಿಯನ್ನು ಮುಖ್ಯಸ್ಥರಿಗೂ ಕಳುಹಿಸಿದ್ದೇನೆ. ತಮಗಾದರೋ ನಿಯಮ ಬರೆದುಕೊಟ್ಟರೆ ಮುಂದಿನ ಸಲ ಪಾಲಿಸುತ್ತೀರಿ. ಅವರ ವಿಷಯದಲ್ಲಿ ಅಷ್ಟು ಭರವಸೆ ನನಗಿಲ್ಲ.